ನಡುವಿನ ಪದ

“ನೋಡು, ಮತ್ತೆ ಬುಟ್ಬುಟ್ಟೆ ನೀನು!”

ಲೋಹಿತನ ಕೆಂಪು ಪೆನ್ನು ಕಾಗದ ಹರಿಯುವಷ್ಟು ಬಲವಾಗಿ ಗೀಚಿತು. ಪಾಂಡವಪುರದ ಬಸ್ ನಿಲ್ದಾಣದೆದುರಿನ ಮಹಡಿಯ ಮೇಲೆ ಅವನ ಟ್ಯೂಷನ್ ಕೋಣೆ. ಕೆಳಗೆ ಕಬ್ಬಿನ ಟ್ರಾಕ್ಟರುಗಳ ಅಬ್ಬರ. ಎದುರಿಗೆ ತುಟಿ ಕಚ್ಚಿ ಕುಳಿತ ರಂಜಿತ.

ಹತ್ತನೆಯ ತರಗತಿಯಲ್ಲಿ ಗಣಿತವೊಂದರಲ್ಲೇ ನಪಾಸಾಗಿ ಮನೆಯಲ್ಲುಳಿದಿದ್ದ ಕಿರಂಗೂರಿನ ಚಲುವಯ್ಯಗೌಡರ ಮಗಳು, ಇಪ್ಪತ್ತಮೂರರ ಹರೆಯದಲ್ಲಿ ಛಲ ತೊಟ್ಟು ಮತ್ತೆ ಪುಸ್ತಕ ಹಿಡಿದಿದ್ದಳು. ನಾಳೆ ಪರೀಕ್ಷೆ. ಗೆದ್ದರೆ ಊರಿನ ಡೈರಿಯಲ್ಲಿ ಕೆಲಸ. ಸೋತರೆ ಹೊಣಕೆರೆಯ ವರನೊಡನೆ ಮದುವೆ. ತಂದೆಯ ಮಾತು ಅಷ್ಟು ಖಚಿತವಾಗಿತ್ತು.

ಲೆಕ್ಕವೋ ಸರಳ: ಆಯತದ ಉದ್ದ ಅಗಲಕ್ಕಿಂತ ಏಳು ಮೀಟರು ಹೆಚ್ಚು, ಕರ್ಣ ಹದಿಮೂರು ಮೀಟರು, ಉದ್ದ ಅಗಲಗಳೆಷ್ಟು? ಅಗಲವನ್ನು x ಎಂದಳು, ಉದ್ದವನ್ನು x+7 ಎಂದಳು, ಪೈಥಾಗೊರಸನ ಪ್ರಮೇಯವನ್ನೂ ತಪ್ಪಿಲ್ಲದೆ ಹೂಡಿದಳು. ಆದರೆ x+7ರ ವರ್ಗವನ್ನು ಬಿಡಿಸುವಾಗ x ವರ್ಗ, ಏಳರ ವರ್ಗ ನಲವತ್ತೊಂಬತ್ತು ಎಂದು ಬರೆದು ಅಷ್ಟಕ್ಕೇ ನಿಂತಳು. ನಡುವಿನ 14x ಎಂದಿನಂತೆ ಮಾಯ!

“ಈ ತುದೀಲಿ x ಒಂದೇ, ಆ ತುದೀಲಿ ಏಳು ಒಂದೇ. ಎರಡೂ ಜೊತೇಲಿರೋದು ನಡುವಿನ ಪದದಾಗೆ ಮಾತ್ರ ಕನಮ್ಮ. ಅದ್ನೇ ಬುಟ್ರೆ ಇನ್ನೇನ್ ಉಳೀತದೆ?”

ರಂಜಿತ ತಲೆಯೆತ್ತಿದಳು. ಕೋಪವೋ ಕೀಟಲೆಯೋ ತಿಳಿಯದ ನೋಟವೊಂದು ಅವನ ಕನ್ನಡಕವನ್ನು ದಾಟಿ ಒಳಗಿಳಿಯಿತು.

“ನೀವೇನ್ ಕಮ್ಮಿ ಮೇಷ್ಟ್ರೇ? ಹೊಣಕೆರೆ ಗಂಡಿನ ಇಸ್ಯ ಏಳ್ದಾಗ ‘ಅಂಗಾ’ ಅಂದ್ರಿ. ಆಮೇಲೆ ‘ಪಾಸಾಗು’ ಅಂದ್ರಿ. ನಡುವಿನ ಪದ ಎಲ್ಲೋಯ್ತು?”

ಲೋಹಿತ ಬಡಗಿ ನರಸಯ್ಯನವರ ಮಗ. ಗೌಡರ ಮನೆಯ ಹೆಣ್ಣನ್ನು ಆಚಾರಿಗಳ ಹುಡುಗ ಕೇಳುವುದುಂಟೆ ಎಂಬ ಅಳುಕೇ ಇಷ್ಟು ತಿಂಗಳೂ ಆ ಪದವನ್ನು ನುಂಗಿತ್ತು. ತನ್ನ ಹೇಡಿತನದ ಮೇಲಿನ ಸಿಟ್ಟು ಅವಳ ತಪ್ಪಿನ ಮೇಲೆ ಹರಿಯುತ್ತಿತ್ತು.

“ನೀನಂದ್ರೆ ಇಷ್ಟ ಕನೇ!” ಎಂದನು, ಬೈಯುವ ದನಿಯಲ್ಲೇ. “ಏಳಿ ಏನುಪಯೋಗ? ನಿಮ್ಮಪ್ಪ ಒಪ್ಪಾಕಿಲ್ಲ.”

ಅವಳ ಕೆನ್ನೆ ಕೆಂಪೇರಿತು. ಆದರೂ ಪುಸ್ತಕಕ್ಕೆ ಬಾಗಿ 14x ಬರೆದಳು, ಹಂತ ಹಂತವಾಗಿ ಬಿಡಿಸಿದಳು. ಐದು, ಇಲ್ಲವೇ ಋಣ ಹನ್ನೆರಡು. ಅಳತೆ ಋಣವಾಗದೆಂದು ಎರಡನೆಯದನ್ನು ಹೊಡೆದು ಹಾಕಿದಳು. ಅಗಲ ಐದು, ಉದ್ದ ಹನ್ನೆರಡು. ಕೆಂಪು ಪೆನ್ನಿಗೆ ಮೊದಲ ಬಾರಿ ಕೆಲಸವಿಲ್ಲದಾಯಿತು.

“ನಂದು ಆಯ್ತು. ಭಾನುವಾರ ಅಪ್ಪ ಮನೇಲೇ ಇರ್ತಾರೆ. ಬಂದು ಒಂದ್ ಪದಾನೂ ಬುಡ್ದಂಗೆ ಏಳಿ.”

“ಉತ್ತರ ಸಿಗದಿದ್ರೆ?”

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವಳು ತಿರುಗಿ ನಕ್ಕಳು.

“ನೀವೇ ಏಳ್ಕೊಟ್ಟಿದ್ದಲ್ವಾ? ಉತ್ತರ ಸಿಗದಿದ್ರೂ ಸ್ಟೆಪ್ಸಿಗೆ ಮಾರ್ಕ್ಸ್ ಐತೆ.”