ಟೇಬಲ್ಲಿಗೆ ಇಟ್ಟ ವಿಭೂತಿ

ಟಕ್, ಟಕ್, ಟಕ್... ಡಬ್.

ಚೆಂಡು ಮೇಲಕ್ಕೆ ಏಳಲೇ ಇಲ್ಲ. ಟೇಬಲ್ಲಿನ ಮೂಲೆಯಲ್ಲಿ ಬಿದ್ದು, ಸುಸ್ತಾದವರ ಹಾಗೆ ಉರುಳಿ ನೆಲಕ್ಕೆ ಹೋಯಿತು. ಶೃತಿ ಬೀಸಿದ ಬ್ಯಾಟು ಬರೀ ಗಾಳಿಗೆ ಬಡಿಯಿತು.

“ಏನೇ ಇದು! ಚೆಂಡು ಒಡ್ದೋಗದಾ?” ಅಂದಳು ಎದುರಿಗೆ ಆಡುತ್ತಿದ್ದ ಚೈತ್ರಳಿಗೆ.

ಸುನೀಲ್‌ಕುಮಾರ್ ಸರ್ ಚೆಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಿರುಕಿಲ್ಲ. ಟೇಬಲ್ಲಿನ ಆಚೆ ಅರ್ಧದ ಮೇಲೆ ಬಿಟ್ಟರು. ಟಕ್ ಅಂತ ಎದ್ದಿತು. ಈಚೆ ಮೂಲೆಯಲ್ಲಿ ಬಿಟ್ಟರು. ಡಬ್. ಸರ್ ಬಗ್ಗಿ ಹಲಗೆಯ ಮೇಲೆ ಅಂಗೈ ಸವರಿದರು. ಹಸಿರು ಬಣ್ಣದ ಕೆಳಗೆ ಹಲಗೆ ಉಬ್ಬಿತ್ತು, ಹೆಂಚಿನ ಮೇಲಿನ ಚಪಾತಿಯ ಹಾಗೆ.

“ನೀರು ಬಿದ್ದಿದೆ,” ಅಂದರು ಸರ್.

ಚೈತ್ರ ಟೇಬಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಆ ಟೇಬಲ್ ಶಾಲೆಗೆ ಬಂದದ್ದು ಜೂನ್ ತಿಂಗಳಲ್ಲಿ. ಹುಣಸೂರಿನಲ್ಲಿ ಯಾರೋ ಹೊಸದು ತಗೊಂಡು, ಹಳೆಯದನ್ನು ಟ್ರಾಕ್ಟರಿನಲ್ಲಿ ಹಾಕಿ ಕಳಿಸಿದ್ದರು. “ಊಟದ್ ಟೇಬಲ್ಲಾ ಸಾ?” ಅಂತ ಚಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಆರನೇ ಕ್ಲಾಸಿನ ಯಾರೂ ಟೇಬಲ್ ಟೆನಿಸ್ ನೋಡಿರಲಿಲ್ಲ.

ಸರ್ ಮೊದಲಿನಿಂದ ಹೇಳಿಕೊಟ್ಟರು. ಬ್ಯಾಟನ್ನು ಶೇಕ್‌ಹ್ಯಾಂಡ್ ಕೊಟ್ಟ ಹಾಗೆ ಹಿಡಿಯಬೇಕು. ಸರ್ವಿಸ್ ಮಾಡುವಾಗ ಚೆಂಡನ್ನು ಮುಕ್ಕಾಲು ಗೇಣಾದರೂ ಮೇಲಕ್ಕೆ ಎಸೆಯಬೇಕು. ಅದು ಮೊದಲು ನಮ್ಮ ಕಡೆ ಒಂದು ಸಲ ಪುಟಿದು, ನೆಟ್ ದಾಟಿ, ಆಮೇಲೆ ಆಚೆ ಕಡೆ ಪುಟಿಯಬೇಕು. ಯಾರು ಮೊದಲು ಹನ್ನೊಂದು ಪಾಯಿಂಟ್ ಮಾಡುತ್ತಾರೋ ಗೇಮ್ ಅವರದು.

“ಹೊಡೀಬೇಡಿ, ಮುಟ್ಟಿ ಕಳ್ಸಿ. ಇದು ಕ್ರಿಕೆಟ್ ಅಲ್ಲ ಕಣ್ರೋ!” ಅಂತ ದಿನಕ್ಕೆ ಹತ್ತು ಸಲ ಕೂಗುತ್ತಿದ್ದರು. ಆದರೂ ಎಷ್ಟೋ ಚೆಂಡು ಕಿಟಕಿಯಾಚೆ ಹೊಗೆಸೊಪ್ಪಿನ ಹೊಲಕ್ಕೆ ಹಾರಿ ಹೋದವು. ನಾಲ್ಕು ತಿಂಗಳಾದ ಮೇಲೆ ಚೈತ್ರ ಮತ್ತು ಶೃತಿ ನಿಲ್ಲಿಸದೆ ಮೂವತ್ತು ಸಲ ಚೆಂಡು ದಾಟಿಸುವಷ್ಟು ಕಲಿತರು. ಬರುವ ಶನಿವಾರ ಹುಣಸೂರಿನಲ್ಲಿ ತಾಲ್ಲೂಕು ಮ್ಯಾಚು. ಇಬ್ಬರೂ ಜೋಡಿಯಾಗಿ ಆಡಬೇಕಿತ್ತು.

ಈಗ ನೋಡಿದರೆ ಟೇಬಲ್ಲೇ ಹೀಗಾಗಿದೆ.

“ದಸರಾ ರಜೇಲಿ ಈ ರೂಮಿನ ಕೀ ಯಾರ ಹತ್ರ ಇತ್ತು?” ಸರ್ ಕೇಳಿದರು.

ಎಲ್ಲರೂ ಅಡುಗೆಮನೆಯ ಕಡೆ ತಿರುಗಿದರು. ಬಿಸಿಯೂಟ ಮಾಡುವ ಸಾಕಮ್ಮನ ಮನೆ ಶಾಲೆಯ ಪಕ್ಕದಲ್ಲೇ. ಕೀ ಗೊಂಚಲು ಯಾವಾಗಲೂ ಅವರ ಸೊಂಟದಲ್ಲೇ. ಸಾಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು.

“ಸಾಕಮ್ಮ, ರಜೇಲಿ ರೂಮ್ ತೊಳುದ್ರಾ?”

“ಇಲ್ಲ ಸಾ. ಕಸ ಗುಡುಸ್ದೆ ಅಷ್ಟೆಯ.”

“ಮತ್ತೆ ಯಾರ್ಗಾದ್ರೂ ಕೀ ಕೊಟ್ಟಿದ್ರಾ?”

ಸಾಕಮ್ಮ ಒಂದೇ ಒಂದು ಸಲ ಚೈತ್ರಳ ಕಡೆ ನೋಡಿದರು. ಆಮೇಲೆ ನೆಲ ನೋಡಿದರು.

“ನೆಪ್ಪಿಲ್ಲ ಸಾ.”

“ಅಜ್ಜಿ ಸಾಂಬಾರ್ ಪಾತ್ರೆ ಮಡ್ಗವ್ಳೆ ಕಣ್ಲಾ ಇದ್ರ ಮ್ಯಾಲೆ,” ಅಂದ ಚಂದು ಹಿಂದಿನಿಂದ. ಒಂದಿಬ್ಬರು ಕಿಸಕ್ಕೆಂದರು. ಸಾಕಮ್ಮನಿಗೂ ಅದು ಕೇಳಿಸಿತು.

ಸರ್ ಕೈ ಚಾಚಿದರು. “ಸದ್ಯಕ್ಕೆ ಕೀ ನನ್ ಹತ್ರ ಇರ್ಲಿ.”

ಸಾಕಮ್ಮ ಗೊಂಚಲು ಬಿಚ್ಚಿ ಕೊಟ್ಟು, ಅಡುಗೆಮನೆಗೆ ಹೋದರು.

ಆಯುಧಪೂಜೆಯ ದಿನ ಕೀ ಇಸಕೊಂಡವಳು ಚೈತ್ರಳೇ. “ಒಸಿ ಹೊತ್ತು ಆಡ್ಕೊಂಡ್ ಬತ್ತೀನಿ ಕೊಡಜ್ಜಿ” ಅಂದಿದ್ದಳು.

ಅವತ್ತು ಬೆಳಿಗ್ಗೆ ಅವಳ ಅಪ್ಪ ನಂಜುಂಡೇಶ್ ಮನೆಯಲ್ಲಿದ್ದ ಒಂದೊಂದನ್ನೂ ತೊಳೆದಿದ್ದರು. ಟಿಲ್ಲರ್, ಬೈಕು, ಕುಡುಗೋಲು, ಮಚ್ಚು. ಎಲ್ಲಕ್ಕೂ ಮೂರು ಬೆರಳಿನ ವಿಭೂತಿ, ಕುಂಕುಮ, ಚೆಂಡು ಹೂವು. “ವರ್ಸವೆಲ್ಲ ನಮ್ ಜೊತೆ ದುಡ್ದವೆ ಕಣವ್ವ. ಒಂದಿನ ನಾವು ಅವ್ಕೆ ಕೈ ಮುಗೀಬೇಕು,” ಅಂದಿದ್ದರು ಅಪ್ಪ.

ಚೈತ್ರಳಿಗೆ ತಟ್ಟನೆ ಟೇಬಲ್ ನೆನಪಾಗಿತ್ತು. ಪಾಪ, ಬೀಗ ಹಾಕಿದ ರೂಮಿನಲ್ಲಿ ಅದೊಂದೇ ನಿಂತಿದೆಯಲ್ಲ. ಎರಡು ಬಕೆಟ್ ನೀರು ಸುರಿದು, ಪೊರಕೆ ಹಾಕಿ ತಿಕ್ಕಿದ್ದಳು. ನಾಲ್ಕೂ ಮೂಲೆಗೆ ವಿಭೂತಿ ಇಟ್ಟಿದ್ದಳು. ನೆಟ್ಟಿನ ಉದ್ದಕ್ಕೂ ಹೂವು ಹಾಕಿದ್ದಳು. ಎಷ್ಟು ಚೆನ್ನಾಗಿ ಕಾಣುತ್ತಿತ್ತು!

ಮೂರು ದಿನ ಬಿಟ್ಟು ಮತ್ತೆ ಕೀ ಇಸಕೊಂಡು ಹೋಗಿ ನೋಡಿದರೆ, ನೀರು ನಿಂತ ಮೂಲೆ ಉಬ್ಬಿತ್ತು. ಕೈಯಲ್ಲಿ ಒತ್ತಿದಳು. ಮೇಲೆ ಹತ್ತಿ ಕೂತೂ ನೋಡಿದಳು. ಇಳಿಯಲಿಲ್ಲ. ಆಮೇಲೆ ಹೂವೆಲ್ಲ ಆರಿಸಿ ತೆಗೆದು, ವಿಭೂತಿಯನ್ನು ಲಂಗದ ತುದಿಯಲ್ಲಿ ಒರೆಸಿ, ಬೀಗ ಹಾಕಿ ಬಂದಿದ್ದಳು.

ಮಧ್ಯಾಹ್ನ ಊಟದ ಬೆಲ್ ಹೊಡೆಯಿತು. ಚೈತ್ರ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು. ಸಾಕಮ್ಮ ಅನ್ನ ಹಾಕುತ್ತಾ ಹಾಕುತ್ತಾ ನಡುವೆ ಸೊಂಟ ಮುಟ್ಟಿ ನೋಡಿಕೊಂಡರು. ಕೀ ಇರಲಿಲ್ಲ. ಕೈ ಕೆಳಗಿಳಿಸಿ ಮತ್ತೆ ಅನ್ನ ಹಾಕಿದರು. ಸ್ವಲ್ಪ ಹೊತ್ತಿಗೆ ಆ ಕೈ ಮತ್ತೆ ಸೊಂಟಕ್ಕೆ ಹೋಯಿತು.

ಚೈತ್ರ ಅನ್ನದ ತಟ್ಟೆಯನ್ನು ಜಗಲಿಯ ಮೇಲಿಟ್ಟು ಸ್ಟಾಫ್ ರೂಮಿಗೆ ಓಡಿದಳು.

“ಸಾ, ಟೇಬಲ್ ತೊಳುದ್ದು ನಾನು.”

ಸುನೀಲ್‌ಕುಮಾರ್ ಸರ್ ಬರೆಯುತ್ತಿದ್ದ ಪೆನ್ನು ನಿಂತಿತು. ಚೈತ್ರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

“ಎಷ್ಟು ನೀರ್ ಹಾಕ್ದೆ?”

“ಎರಡ್ ಬಕೆಟ್ ಸಾ. ನಮ್ಮಪ್ಪ ಟಿಲ್ಲರ್‌ಗೆ ನಾಕ್ ಹಾಕಿದ್ರು.”

“ಟಿಲ್ಲರ್ ಕಬ್ಬಿಣ ಕಣಮ್ಮ. ಇದು ಹಲಗೆ.”

“ಸರಿ ಹೋಗುತ್ತಾ ಸಾ?”

“ಇಲ್ಲ.”

ಸರ್ ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು, “ಪೂಜೆ ಮಾಡಿದ್ದು ಗೊತ್ತಾಯ್ತು. ಹೂವ ಯಾಕ್ ತೆಗ್ದೆ?”

ಚೈತ್ರ ಲಂಗದ ತುದಿಯಿಂದ ಕಣ್ಣು ಒರೆಸಿಕೊಂಡಳು.

ಸರ್ ಡ್ರಾಯರಿನಿಂದ ಕೀ ಗೊಂಚಲು ತೆಗೆದರು. “ನಡಿ. ಕೊಡೋದು ನೀನು. ನಾನೂ ಬತ್ತೀನಿ, ನಾನೂ ಒಂದ್ ಮಾತು ಹೇಳ್ಬೇಕು.”

ಊಟದ ಸಾಲು ಪೂರ್ತಿ ನೋಡುತ್ತಿತ್ತು. ಸರ್ ಸಾಕಮ್ಮನ ಮುಂದೆ ನಿಂತು, “ತಪ್ಪಾಯ್ತು ಸಾಕಮ್ಮ. ಸರಿಯಾಗಿ ವಿಚಾರಿಸ್ದೆ ನಿಮ್ಮಿಂದ ಕೀ ಈಸ್ಕೊಂಡ್ಬುಟ್ಟೆ,” ಅಂದರು. ಚಂದು ತಟ್ಟೆಯೊಳಗೆ ಮುಖ ಹಾಕಿದ.

“ಟೇಬಲ್ ತೊಳುದ್ದು ನಾನು ಅಂತ ಸಾರ್‌ಗೆ ಹೇಳ್ದೆ ಅಜ್ಜಿ,” ಅಂದಳು ಚೈತ್ರ, ಕೀ ಕೊಡುತ್ತಾ.

ಸಾಕಮ್ಮ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ತಟ್ಟೆ ಬುಟ್ಟು ಓಡೋದಾ ಅಂಗೆ? ಅನ್ನ ಆರೋಯ್ತು ನೋಡು,” ಅಂತ ಬೈದು, ಬಿಸಿ ಸಾಂಬಾರು ಎರಡು ಸೌಟು ಹಾಕಿದರು.

ಶೃತಿ ಮಾತ್ರ ಜೊತೆಯಲ್ಲಿ ಕೂರಲಿಲ್ಲ. “ಶನಿವಾರ ಮ್ಯಾಚ್ ಐತೆ. ಮೈ ತೊಳೆಯಾಕೆ ಅದೇನು ಎಮ್ಮೆಯಾ?” ಅಂದವಳೇ ಎದ್ದು ಆಚೆ ಕಂಬದ ಹತ್ತಿರ ಹೋದಳು.

ಸಂಜೆ ಪ್ರಾಕ್ಟೀಸ್. ಇದ್ದ ಟೇಬಲ್ಲಿನಲ್ಲೇ ಆಡಬೇಕು, ಬೇರೆ ದಾರಿಯಿಲ್ಲ. ಚೈತ್ರ ಯಾರೂ ಹೇಳುವ ಮೊದಲೇ ಉಬ್ಬಿದ ಕಡೆ ಹೋಗಿ ನಿಂತಳು. ಶೃತಿ ಅವಳ ಮುಖ ನೋಡದೆ ಸರ್ವಿಸ್ ಮಾಡಿದಳು. ಮೂಲೆಗೆ ಬಿದ್ದ ಚೆಂಡೆಲ್ಲ ಅಲ್ಲೇ ಸತ್ತು ಬಿದ್ದವು. ಚೈತ್ರ ಬಗ್ಗಿದಳು, ಇನ್ನೂ ಬಗ್ಗಿದಳು, ಮೊಣಕೈ ಟೇಬಲ್ಲಿಗೆ ತಾಗಿ ಚುರ್ರೆಂದಿತು. ಹನ್ನೊಂದು, ನಾಲ್ಕು. ಸೋತಳು.

ಚೆಂಡು ಎತ್ತಿಕೊಂಡು ಅಲ್ಲೇ ನಿಂತಳು. ತಲೆ ಎತ್ತಿದರೆ ಶೃತಿ ಪಕ್ಕದಲ್ಲಿ ಬಂದು ನಿಂತಿದ್ದಳು.

“ಜರುಗು.”

“ಬ್ಯಾಡ ಕಣೇ. ಈ ಕಡೆ ನಾನೇ ಇರ್ತೀನಿ.”

“ಒಂದ್ ಗೇಮ್ ಆದ್ಮೇಲೆ ಸೈಡ್ ಚೇಂಜ್. ಹುಣಸೂರಲ್ಲೂ ಅಂಗೇಯ. ಜರುಗೇ ಅಂದ್ರೆ!”

ಚೈತ್ರ ಟೇಬಲ್ ಸುತ್ತಿಕೊಂಡು ಆಚೆ ಬಂದಳು. ಶೃತಿ ಇನ್ನೂ ನಕ್ಕಿರಲಿಲ್ಲ. ಮೊಣಕಾಲು ಬಗ್ಗಿಸಿ, ಕೆಟ್ಟ ಮೂಲೆಯ ಹತ್ತಿರವೇ ಬ್ಯಾಟು ಹಿಡಿದಳು.

“ಹಾಕು.”

ಆ ಮೂಲೆಯಲ್ಲಿ ಚೆಂಡು ಏಳುವುದಿಲ್ಲ ಅಂತ ಶೃತಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವಳು ಅಲ್ಲಿ ಬಂದು ನಿಂತಿದ್ದಳು. ಚೈತ್ರ ಚೆಂಡನ್ನು ಮೇಲಕ್ಕೆ ಎಸೆದಳು.