ಮೆಟ್ಟಿಲ ತಳದ ಬೆಳಕುಗಾರೆ

ಗುರುಸಿದ್ಧವ್ವನ ಮನೆಯನ್ನು ಇನ್ನೂ ಯಾರೂ ಕಟ್ಟಿರಲಿಲ್ಲ. ಆದರೂ ಆಕೆ ಅದರ ನಡುಮನೆಯಲ್ಲಿ ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಮೆಟ್ಟಿಲ ಕೆಳಗಿನ ಬೆಳಕಿನ ವಿಷಯವಾಗಿ ಯಂತ್ರದೊಡನೆ ಜಗಳಕ್ಕೆ ನಿಂತಿದ್ದಳು.

ಹುಬ್ಬಳ್ಳಿಯ ಆ ಮಾದರಿಕೋಣೆಯಲ್ಲಿ ಇಂಥ ಜಗಳ ಸಾಧ್ಯವಾಗಿದ್ದು ‘ಗೃಹದರ್ಶಿ’ ಎಂಬ ವಿನ್ಯಾಸ ತಂತ್ರಾಂಶದಿಂದ. ಬಾಯಲ್ಲಿ ಹೇಳಿದರೆ ಸಾಕು, ಅದು ಖಾಲಿ ಕೋಣೆಯೊಳಗೆ ಗೋಡೆ, ಕಿಟಕಿ, ಮೆಟ್ಟಿಲುಗಳನ್ನು ಕಣ್ಣೆದುರಿಗೆ ಮೂಡಿಸುತ್ತಿತ್ತು. ಕೂರುವ ಕಟ್ಟೆ ಬೇಕೆಂದರೆ ಕೋಣೆಯ ನೆಲವೇ ಅಲ್ಲಿ ಉಬ್ಬಿಕೊಳ್ಳುತ್ತಿತ್ತು. ಮನೆಯವರು ಒಪ್ಪಿದರೆ ಮರುದಿನ ಕಟ್ಟುಯಂತ್ರವು ಅದನ್ನೇ ನಿವೇಶನದಲ್ಲಿ ಎಬ್ಬಿಸಿ ನಿಲ್ಲಿಸುತ್ತಿತ್ತು. ಆ ಕಾಲಕ್ಕೆ ಮನೆಗಳಲ್ಲಿ ಬಲ್ಬುಗಳಿರಲಿಲ್ಲ. ಗೋಡೆಗೆ ಬಳಿಯುವ ‘ಬೆಳಕುಗಾರೆ’ಯೇ ಹೊಳೆಯುತ್ತಿತ್ತು. ಅದು ಒಮ್ಮೆ ಗಟ್ಟಿಯಾಯಿತೆಂದರೆ ಬೆಳಕನ್ನು ತಗ್ಗಿಸಲು ಬಾರದು. ಗೋಡೆಗಾದರೆ ಪರದೆ ಎಳೆದುಕೊಳ್ಳಬಹುದು. ಮೆಟ್ಟಿಲಿನ ಇಳಿಜಾರು ತಳಕ್ಕೆ ಪರದೆಯನ್ನು ಎಲ್ಲಿ ಕಟ್ಟುತ್ತೀರಿ?

ಗುರುಸಿದ್ಧವ್ವನಿಗೆ ಆ ತಳವೇ ಮುಖ್ಯವಾಗಿತ್ತು. ಅವಳ ಗಂಡ ಶಿವಪುತ್ರಪ್ಪ ಆಯುಷ್ಯವೆಲ್ಲ ವೆಲ್ಡಿಂಗ್ ಮಾಡಿ ಕಣ್ಣು ಕೆಡಿಸಿಕೊಂಡಿದ್ದ. ಸ್ವಲ್ಪ ಬೆಳಕು ಬಿದ್ದರೂ ಸೂಜಿ ಚುಚ್ಚಿದಂತಾಗಿ, ಹಿತ್ತಲಕೋಣೆಯ ಬಾಗಿಲು ಹಾಕಿಕೊಂಡು ವರ್ಷಗಳೇ ಕಳೆದಿದ್ದವು. ಹೊಸ ಮನೆಯ ನಡುವೆ, ಮೆಟ್ಟಿಲ ಕೆಳಗೆ, ಒಂದಿಷ್ಟು ಕತ್ತಲು ಸಿಕ್ಕರೆ ಅವನು ನಾಲ್ಕು ಜನರ ಮಾತು ಕೇಳುತ್ತ ಕೂರಬಹುದು. ಅವಳಿಗೆ ಬೇಕಿದ್ದುದು ಅಷ್ಟೇ.

ಇದೆಲ್ಲ ಗೊತ್ತಿದ್ದೇ ವಿಜ್ಞಾನಿ ಸುಮೇಧಾಳ ತಲೆ ಕೆಟ್ಟುಹೋಗಿತ್ತು. ಗೃಹದರ್ಶಿಗೆ ಕನ್ನಡ ಕಲಿಸಿದವಳೇ ಅವಳು. ಮೈಸೂರಿನಲ್ಲಿ ಹುಟ್ಟಿ, ದೀಪಗಳು ತಾವಾಗಿಯೇ ಹೊತ್ತಿ ತಾವಾಗಿಯೇ ಆರುತ್ತಿದ್ದ ಹಳೆಯ ಕಾಲದ ಮನೆಗಳಲ್ಲಿ ಬೆಳೆದವಳು.

“ದೀಪ ದೊಡ್ಡದು ಮಾಡ್ರಿ,” ಎಂದಳು ಗುರುಸಿದ್ಧವ್ವ ಮತ್ತೊಮ್ಮೆ.

ಮೆಟ್ಟಿಲ ತಳ ಇನ್ನಷ್ಟು ಬೆಳಗಿತು. ಅಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಶಿವಪುತ್ರಪ್ಪ ಮುಖಕ್ಕೆ ಟವೆಲ್ ಒತ್ತಿಕೊಂಡ.

“ಹೇಳಿದ್ದಕ್ಕ ಉಲ್ಟಾನ ಮಾಡ್ತದಲ್ರೀ ನಿಮ್ಮ ಮಷೀನು. ಇದಕ್ಕೇನು ಕಿವಿ ಇಲ್ಲೇನು?”

“ಅಮ್ಮಾ, ಅದು ನೀವು ಹೇಳಿದ್ದನ್ನೇ ಮಾಡ್ತಾ ಇದೆ,” ಎಂದಳು ಸುಮೇಧಾ.

“ಎಲ್ಲಿ ಮಾಡೇತಿ? ನೋಡ್ರಿ, ಅವರು ಹೆಂಗ ಒದ್ದಾಡಾಕತ್ತಾರ. ಏ ಯಂತ್ರಾ, ದೀಪ ದೊಡ್ಡದು ಮಾಡಂದ್ರ ದೊಡ್ಡದು ಮಾಡು.”

ತಳ ಬೆಂಕಿಯ ಒಲೆಯಂತೆ ಉರಿಯಿತು. ಸುಮೇಧಾ ದಿಕ್ಕು ತೋಚದೆ ಯಂತ್ರದ ಧ್ವನಿಗ್ರಾಹಿಯನ್ನು ಪರೀಕ್ಷಿಸಿದಳು. ಸರಿಯಾಗಿಯೇ ಇತ್ತು. ಹಾಗಾದರೆ ಈ ಹೆಂಗಸಿನ ಮನಸ್ಸಿನಲ್ಲಿ ಏನಿದೆ? ಗಂಡನ ಕಣ್ಣಿಗಾಗಿ ಹುಬ್ಬಳ್ಳಿಯನ್ನೆಲ್ಲ ಸುತ್ತಿದವಳು, ಅದೇ ಕಣ್ಣಿಗೆ ಬೆಂಕಿ ಇಡು ಎನ್ನುತ್ತಿದ್ದಾಳಲ್ಲ. ಒಂದು ಗಳಿಗೆ ಆಕೆಯ ಬಗ್ಗೆ ಕೆಟ್ಟ ಸಂಶಯವೂ ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಅಷ್ಟರಲ್ಲಿ ಶಿವಪುತ್ರಪ್ಪನಿಗೆ ತಡೆಯಲಾಗಲಿಲ್ಲ. “ಯಾರರ ಆ ದೀಪ ಆರಸ್ರಪ್ಪಾ. ಕಣ್ಣು ಸುಡಾಕತ್ತಾವ.”

ತಟ್ಟನೆ ಕತ್ತಲಾಯಿತು. ಗುರುಸಿದ್ಧವ್ವನಿಗೆ ಮಾತ್ರ ಸಮಾಧಾನವಾಗಲಿಲ್ಲ, ಕಣ್ಣಲ್ಲಿ ನೀರೇ ಬಂತು. “ಅಂಥಾ ಮಾತು ಬಾಯಾಗ ತರತಾರೇನ್ರಿ? ಅದೂ ಹೊಸ ಮನಿಯೊಳಗ?” ಎಂದವಳು ಸುಮೇಧಾಳ ಕಡೆ ತಿರುಗಿದಳು. “ದೀಪಕ್ಕ ಆರಸು ಅನ್ನಬಾರದ್ರಿ ಮೇಡಂ. ದೊಡ್ಡದು ಮಾಡು ಅನ್ನಬೇಕು. ನಿಮ್ಮ ಕಡೆ ಇಷ್ಟೂ ಹೇಳಿಕೊಡೋದಿಲ್ಲೇನು?”

ಸುಮೇಧಾಳಿಗೆ ನಗು ಬಂತು, ನಾಚಿಕೆಯೂ ಆಯಿತು. ಅಲ್ಲೇ ಗೃಹದರ್ಶಿಗೆ ತಿದ್ದುಪಡಿ ಹೇಳಿದಳು: ಈ ಸೀಮೆಯಲ್ಲಿ ದೀಪ ದೊಡ್ಡದು ಮಾಡು ಎಂದರೆ ಆರಿಸು.

“ಹೇಳುವುದೊಂದು, ಬೇಕಾಗಿರುವುದು ಅದರ ವಿರುದ್ಧ. ಎಲ್ಲ ಮಾತಿಗೂ ಹೀಗೆಯೇ?” ಎಂದು ಯಂತ್ರ ಕೇಳಿತು.

“ಎಲ್ಲಕ್ಕೂ ಅಲ್ಲ. ಬಾಯಿಬಿಟ್ಟು ಹೇಳೋಕೆ ಕಷ್ಟ ಆಗೋ ಮಾತಿಗೆ ಮಾತ್ರ,” ಎಂದಳು ಸುಮೇಧಾ. ಯಂತ್ರಕ್ಕೆ ಇಷ್ಟು ಹೇಳಿದರೆ ಸಾಕು ಎಂದುಕೊಂಡಳು.

“ಅರ್ಥವಾಯಿತು. ಮೆಟ್ಟಿಲ ಕೆಳಗಿನ ಕಟ್ಟೆ ಎಷ್ಟು ಜನರಿಗೆ?”

“ಅವರೊಬ್ಬರಿಗೆ ಸಾಕು,” ಎಂದಳು ಗುರುಸಿದ್ಧವ್ವ. “ನಾ ಅಡಗಿಮನಿಯೊಳಗ ಇರ್ತೀನಿ. ನನಗೆಂಥಾ ಜಾಗಾ? ನನಗೇನೂ ಬ್ಯಾಡ.”

ನೆಲ ಮೆಲ್ಲಗೆ ಉಬ್ಬಿತು. ಕಟ್ಟೆ ಉದ್ದವಾಗಿ, ಇಬ್ಬರು ಕೂರುವಷ್ಟಾಯಿತು. ಮೆಟ್ಟಿಲ ತಳದ ಕತ್ತಲೂ ಅಷ್ಟೇ ಅಗಲವಾಯಿತು.

ಸುಮೇಧಾ ಕಟ್ಟೆಯತ್ತ ಬಗ್ಗಿ ನೋಡಿದಳು. ಯಂತ್ರ ಪಾಠವನ್ನು ತಪ್ಪಾಗಿ ಕಲಿತುಬಿಟ್ಟಿದೆ. ನಾಳೆ ಯಾರಾದರೂ ಬಾವಿ ಬೇಡ ಎಂದರೆ ಬಾವಿ ತೋಡಿ ಕೊಟ್ಟೀತು. ಅಥವಾ ಸರಿಯಾಗಿಯೇ ಕಲಿತಿದೆಯೋ? ಅದು ಅವಳಿಗೆ ತಿಳಿಯಲಿಲ್ಲ.

ಕತ್ತಲಲ್ಲಿ ಶಿವಪುತ್ರಪ್ಪ ಟವೆಲ್ ಸರಿಸಿದ. ಪಕ್ಕದ ಜಾಗವನ್ನು ಕೈಯಿಂದ ತಡವಿ ನೋಡಿ, “ಬಾ ಇಲ್ಲೆ, ಕುಂದ್ರು,” ಎಂದ. ಹಿತ್ತಲಕೋಣೆಗೆ ಊಟ ಒಯ್ದು ಕೊಟ್ಟು ಬಾಗಿಲು ಎಳೆದುಕೊಳ್ಳುವ ಹೆಂಡತಿಗೆ ಅವನು ಹೀಗೆ ಹೇಳಿ ಎಷ್ಟೋ ಕಾಲವಾಗಿತ್ತು.

“ಒಪ್ಪಿಗೆಯೇ?” ಎಂದಿತು ಗೃಹದರ್ಶಿ.

“ಬ್ಯಾಡ್ರಿ. ಈ ವಯಸ್ಸಿನ್ಯಾಗ ಜೋಡಿ ಕುಂತ್ರ ನೋಡಿದವರು ನಗ್ತಾರ.”

“ಒಪ್ಪಿಗೆ ದಾಖಲಾಯಿತು.”

ಸುಮೇಧಾ ಗಾಬರಿಯಿಂದ ರದ್ದುಗುಂಡಿಯ ಮೇಲೆ ಬೆರಳಿಟ್ಟಳು. “ಅಮ್ಮಾ, ಇದು ನಿಮ್ಮ ಮಾತನ್ನ ತಪ್ಪಾಗಿ ತಿಳ್ಕೊಂಡಿದೆ. ತಿದ್ದಿಬಿಡ್ಲಾ?”

“ತಿದ್ರಿ ಮತ್ತ,” ಎಂದಳು ಗುರುಸಿದ್ಧವ್ವ, ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಹೋಗಿ, ಗಂಡನ ಪಕ್ಕದಲ್ಲಿ ಕೂರುತ್ತ.

ಸುಮೇಧಾ ಗುಂಡಿ ಒತ್ತದೆಯೇ ಬೆರಳು ತೆಗೆದಳು.