ಹನ್ನೆರಡು ಮಂದಿರ, ಒಂದು ಬಿಸಿ ಬ್ರೇಕ್

“ನಿಮಗೆ ಗಡಿಯಾರ ನೋಡೋಕೆ ಬರತ್ತಾ?”

ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಪೀಪಿಯನ್ನು ಮುಷ್ಟಿಯಲ್ಲಿ ಹಿಡಿದು ಅವಳು ಕೇಳಿದಳು. ಪರಿಚಯವಾಗಿ ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ!

ಮರದ ನೆರಳಲ್ಲಿ ಕಾಲು ಚಾಚಿ ಕೂತಿದ್ದ ಡ್ರೈವರ್ ಏಳಲೂ ಇಲ್ಲ. “ಬರತ್ತೆ ಮೇಡಂ. ಮುಖ ನೋಡೋಕೂ ಬರತ್ತೆ.”

“ಅಂದ್ರೆ?”

“ಅಂದ್ರೆ ಬ್ರೇಕ್ ಬಿಸಿಯಾಗಿದೆ. ಇಪ್ಪತ್ತು ನಿಮಿಷ ಗಾಡಿ ಅಲ್ಲಾಡಲ್ಲ.”

ಅಷ್ಟು ಕೇಳಿದ್ದೇ ತಡ, ಬಸ್ಸಿನಲ್ಲಿದ್ದವರೆಲ್ಲ ಇಳಿದು ಮರದ ಕೆಳಗೆ ಕೂತೇಬಿಟ್ಟರು. ಅವಳ ಮೈ ಉರಿದುಹೋಯಿತು.

ಮೂರು ದಿನ, ಹನ್ನೆರಡು ಬೌದ್ಧ ಮಂದಿರ, ಮೂವತ್ತೆರಡು ಪ್ರವಾಸಿಗರು. ಗೈಡ್ ಆಗಿ ಇದು ಅವಳ ಪರೀಕ್ಷೆಯ ಪ್ರವಾಸ. ಹನ್ನೆರಡಕ್ಕೆ ಹನ್ನೆರಡೂ ತೋರಿಸಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಮತ್ತೆ ಅಣ್ಣನ ಮನೆಯ ಹಾಲ್‌ನಲ್ಲಿ, ಅತ್ತಿಗೆಯ ಇಸ್ತ್ರಿ ಬಟ್ಟೆಯ ರಾಶಿಯ ಪಕ್ಕ ಹಾಸಿಗೆ!

ಆದರೆ ಪ್ರತಿ ಮಂದಿರ ಮುಗಿದಾಗಲೂ ಬ್ರೇಕ್ ಬಿಸಿ. ಅಂಗೈಯಂತೆ ಸಮತಟ್ಟಾದ ರಸ್ತೆಯಲ್ಲಿ ಯಾವ ಬ್ರೇಕ್ ಬಿಸಿಯಾಗುತ್ತದೆ?

‘ಸೋಮಾರಿ… ಅಪ್ಪಟ ಸೋಮಾರಿ!’

ಸಮಾಧಾನದ ಸಂಗತಿ ಒಂದೇ. ಪ್ರತಿ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ಅವಳ ಫ್ಲಾಸ್ಕಿಗೆ ಬಿಸಿನೀರು ತುಂಬಿರುತ್ತಿತ್ತು. ಹೋಟೆಲಿನವರಾದರೂ ಮನುಷ್ಯರು ಅಂದುಕೊಂಡಳು.

ಎರಡನೇ ದಿನ ಮಧ್ಯಾಹ್ನ ಬಸ್ಸಿನ ಹಿಂದಿನಿಂದ ಅವಳದೇ ದನಿ ಕೇಳಿಸಿತು!

“ಎಲ್ರೂ ಈ ಕಡೆ! ಬಲಗಡೆ ನೋಡಿ, ಎಡಗಡೆ ನೋಡಿ, ಫೋಟೋ ತಗೊಳ್ಳಿ, ನೋಡಿದ್ದು ಮರೀರಿ, ಬಸ್ ಹತ್ತಿ! ಪೀಈಈ…”

ಮೂಗಿನಿಂದ ಹೊರಡುವ ಕೊನೆಯ ರಾಗವೂ ಥೇಟ್ ಅವಳದೇ. ಡ್ರೈವರ್‌ನ ಸುತ್ತ ನಿಂತ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅವಳನ್ನು ಕಂಡೊಡನೆ ಎಲ್ಲರ ಬಾಯಿಗೂ ಬೀಗ ಬಿತ್ತು.

“ನಾಚಿಕೆ ಆಗಲ್ವಾ ನಿಮಗೆ?”

“ಬುದ್ಧನಿಗೆ ಜ್ಞಾನೋದಯ ಆಗಿದ್ದು ಒಂದೇ ಮರದ ಕೆಳಗೆ ಕೂತು, ಮೇಡಂ. ದಿನಕ್ಕೆ ನಾಲ್ಕು ಮರ ಸುತ್ತಿ ಅಲ್ಲ.”

“ಉಪದೇಶ ಸಾಕು. ಗೇರ್ ಹಾಕಿ!”

ಆ ಸಿಟ್ಟಿನಲ್ಲೇ ಮ್ಯಾನೇಜರ್‌ಗೆ ದೂರು ಕಳಿಸಿದಳು. ಉತ್ತರ ಕೂಡಲೇ ಬಂತು: ‘ಪ್ರವಾಸ ಮುಗಿಸಿ, ಬಸ್ಸಿನ ಕೀ ಕೊಟ್ಟು ಕೆಲಸ ಬಿಟ್ಟು ಹೋಗಲಿ.’

ಗೆದ್ದೆ ಅನ್ನಿಸಬೇಕಿತ್ತು. ಆದರೆ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಏನೋ ಒತ್ತುತ್ತಿತ್ತು.

ಮೂರನೇ ದಿನ, ಒಂಬತ್ತನೇ ಮಂದಿರ. ಪೀಪಿ ಊದಿ ಎಲ್ಲರನ್ನೂ ವಿಗ್ರಹದ ಮುಂದೆ ನಿಲ್ಲಿಸಿದಳು. ಗಂಟಲು ಕಟ್ಟಿತ್ತು, ಮಾತು ತಾನಾಗಿಯೇ ಹರಿಯುತ್ತಿತ್ತು.

“ಇಲ್ಲಿ ಬುದ್ಧ ಬಲಮಗ್ಗುಲಾಗಿ ಮಲಗಿದ್ದಾನೆ. ಪಾದಗಳು ಒಂದರ ಮೇಲೊಂದು ಹೇಗೆ ಕೂತಿವೆ, ಗಮನಿಸಿ…”

ಎಲ್ಲರೂ ತಲೆಯಾಡಿಸಿದರು. ಫೋನುಗಳು ಮೇಲೆದ್ದವು. ನಿವೃತ್ತ ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಬಾಗಿಲಲ್ಲಿ ಯಾರೋ ಕೆಮ್ಮಿದರು. ಡ್ರೈವರ್! ಅವನ ಕಣ್ಣು ವಿಗ್ರಹದ ಮೇಲಿತ್ತು. ಅವಳೂ ತಿರುಗಿ ನೋಡಿದಳು.

ಬುದ್ಧ ನಿಂತಿದ್ದ. ಇಪ್ಪತ್ತಡಿ ಎತ್ತರಕ್ಕೆ, ನೆಟ್ಟಗೆ!

“ಮೇಷ್ಟ್ರೇ… ಏನಂತ ಬರ್ಕೊಂಡ್ರಿ?” ಅವಳು ಮೆಲ್ಲಗೆ ಕೇಳಿದಳು.

“ಮಲಗಿದ ಬುದ್ಧ, ಅಂತ.”

“ತಲೆ ಎತ್ತಿ ನೋಡಿ.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಅಯ್ಯೋ! ಯಾವಾಗ ಎದ್ದ?”

ಯಾರೂ ನಗಲಿಲ್ಲ. ಮೇಷ್ಟ್ರ ಹೆಂಡತಿ ಅವಳ ಕೈ ಹಿಡಿದರು. “ನಾಲ್ಕನೇ ಗುಡಿಯಿಂದ ನಂಗೆ ಏನೂ ಕಾಣ್ತಿಲ್ಲ ಮಗಳೇ, ಕಾಲುನೋವು ಒಂದೇ ಕಾಣ್ತಿದೆ. ಕನ್ನಡೀಲಿ ನಮ್ಮ ಮುಖ ನೋಡಿ ಆ ಹುಡುಗ ಬ್ರೇಕ್ ಬಿಸಿ ಅಂತಾನಲ್ಲ, ಆಗ ಮಾತ್ರ ಒಂಚೂರು ಉಸಿರಾಡ್ತೀವಿ.”

ಅವಳು ಹೊರಗೆ ಓಡಿ ಮೆಟ್ಟಿಲ ಮೇಲೆ ಕುಸಿದಳು. ಅವನು ಹಿಂದೆಯೇ ಬಂದ.

“ಹೋಗಿ ಇಲ್ಲಿಂದ! ನಿಮ್ಮ ಮೇಲೆ ದೂರು ಕೊಟ್ಟಿದೀನಿ ನಾನು.”

“ಗೊತ್ತು. ನಿನ್ನೆ ಸಂಜೆನೇ ಮ್ಯಾನೇಜರ್ ಫೋನ್ ಮಾಡಿದ್ರು.”

“ಗೊತ್ತಿದ್ದೂ ಬಂದ್ರಾ?”

“ಬರದೆ? ನಿಮ್ಮ ಫ್ಲಾಸ್ಕಿಗೆ ನೀರು ಯಾರು ತುಂಬಿಸೋರು?”

ಅವಳು ಬೆಚ್ಚಿಬಿದ್ದಳು. “ಅದು… ನೀವಾ?”

“ಗಂಟಲು ಕೆಟ್ಟಿತ್ತಲ್ಲ.”

“ಗಂಟಲ ಮೇಲೆ ಅಷ್ಟು ಕಾಳಜಿ ಇರೋರು ಅದೇ ಗಂಟಲನ್ನ ಯಾಕೆ ಅಣಕಿಸಿದ್ರಿ?”

ಅವನಿಗೂ ರೇಗಿತು. “ಎಂಟು ವರ್ಷದಿಂದ ಈ ದಾರೀಲಿ ಓಡಿಸ್ತಿದೀನಿ. ಯಾವ ಗೈಡ್ ಮಾತೂ ಕೇಳಿದವನಲ್ಲ, ಗಾಡೀಲಿ ಮಲಗಿರ್ತಿದ್ದೆ. ನಿಮ್ಮದನ್ನ ಮಾತ್ರ ಬಾಗಿಲಲ್ಲಿ ನಿಂತು ಕೇಳಿ ಕೇಳಿ ಬಾಯಿಪಾಠ ಆಯ್ತು! ಮೊದಲನೇ ಮಂದಿರದಲ್ಲಿ ಬುದ್ಧನ ಬೆರಳಿನ ಬಗ್ಗೆ ಹೇಳುವಾಗ ನಿಮ್ಮ ಕಣ್ಣು ಹೊಳೀತಿತ್ತು. ನಾಲ್ಕನೇದಕ್ಕೆ ಆ ಬೆಳಕು ಆರಿಹೋಯ್ತು. ಅದಕ್ಕೇ ಸಿಟ್ಟು ಬಂತು.”

“ನನ್ನ ಮೇಲಾ?”

“ಆ ಹನ್ನೆರಡರ ಮೇಲೆ!”

ಅವಳು ಕಣ್ಣೊರೆಸಿಕೊಂಡು ಮ್ಯಾನೇಜರ್‌ಗೆ ಫೋನ್ ಮಾಡಿದಳು. “ಸರ್, ಬ್ರೇಕ್ ಬಿಸಿಯಾಗಿದೆ. ಇನ್ನುಳಿದ ಮೂರು ಮಂದಿರ ಬೇಡ. ಸಂಜೆವರೆಗೂ ಇಲ್ಲೇ ಇರ್ತೀವಿ.”

“ನಿಮಗೆ ಕೆಲಸ ಬೇಡ್ವೇನ್ರೀ?”

“ಬೇಕು. ಆದ್ರೆ ನಾನು ಕೊಟ್ಟ ದೂರು ತಪ್ಪು. ಅವರ ಕೀ ತಗೊಳ್ಳೋದಾದ್ರೆ ನನ್ನ ಪೀಪೀನೂ ತಗೊಳ್ಳಿ.”

ಅಷ್ಟರಲ್ಲಿ ಹೊರಗೆ ಬಂದಿದ್ದ ಮೇಷ್ಟ್ರು ಫೋನ್ ಕಸಿದುಕೊಂಡು ಮ್ಯಾನೇಜರ್‌ಗೆ ಹತ್ತು ನಿಮಿಷ ಪಾಠ ಮಾಡಿದರು. ಕೊನೆಗೆ ಆ ಕಡೆಯಿಂದ ಬಂದದ್ದು ಒಂದೇ ಮಾತು: “ಇಬ್ರೂ ಸೋಮವಾರ ಬನ್ನಿ, ನೋಡೋಣ.”

ಆ ಮಧ್ಯಾಹ್ನ ಯಾರೂ ಓಡಲಿಲ್ಲ. ಒಬ್ಬರು ಕಂಬಕ್ಕೆ ಒರಗಿದರು, ಒಬ್ಬರು ಕಣ್ಣು ಮುಚ್ಚಿದರು. ಮೇಷ್ಟ್ರು ಬರೆದದ್ದನ್ನು ಹೊಡೆದುಹಾಕಿ ಸುಮ್ಮನೆ ನೋಡುತ್ತ ಕೂತರು. ಬಿಸಿಲು ಬುದ್ಧನ ಪಾದದಿಂದ ಮೊಣಕಾಲಿಗೆ ಏರಿತು.

ಮೆಟ್ಟಿಲ ಮೇಲೆ ಅವರಿಬ್ಬರೇ.

“ಇನ್ನೊಂದ್ಸಲ ನನ್ನನ್ನ ಅಣಕಿಸಿದ್ರೆ ನೋಡಿ!”

“ಒಂದೇ ಒಂದು ವಾಕ್ಯ ಅಭ್ಯಾಸ ಮಾಡಿದೀನಿ.” ಅವಳ ದನಿ ಮಾಡಿಕೊಂಡ. “‘ಎಲ್ರೂ ಈ ಕಡೆ! ಈ ಡ್ರೈವರ್‌ನ ನಾನು ಒಪ್ಕೊಂಡಿದೀನಿ!’”

“ನನ್ನ ದನಿ ಹಾಗಿಲ್ಲ.”

“ಹಾಗಾದ್ರೆ ಹೇಗಿದೆ, ನೀವೇ ಹೇಳಿ ತೋರಿಸಿ.”

ಅವಳು ದುರುಗುಟ್ಟಿದಳು. ಪೀಪಿಯ ದಾರವನ್ನು ಬೆರಳಿಗೆ ಸುತ್ತಿದಳು… ಬಿಚ್ಚಿದಳು…

“ಒಪ್ಕೊಂಡಿದೀನಿ.” ಕಟ್ಟಿದ ಗಂಟಲಲ್ಲಿ ಅಷ್ಟೇ ಹೊರಟಿತು.

ಅಣಕಿಸುವವನ ಬಾಯೇ ಕಟ್ಟಿಹೋಯಿತು. ಗಡಬಡಿಸಿ ಎದ್ದ. “ಐ… ಐದು ಗಂಟೆ ಆಯ್ತು. ಹೊರಡೋಣ್ವಾ?”

ಅವಳು ಅವನ ತೋಳು ಹಿಡಿದೆಳೆದು ಕೂರಿಸಿದಳು. ಥೇಟ್ ಅವನದೇ ದನಿಯಲ್ಲಿ ಹೇಳಿದಳು:

“ಇಪ್ಪತ್ತು ನಿಮಿಷ ಗಾಡಿ ಅಲ್ಲಾಡಲ್ಲ.”